ನಿಕಾನ್ ಪಿ900, ಹಲವು ವರ್ಷ ಬಳಸಿದ ಮೇಲೆ: ಫೋಟೋಗಿಂತ ಹಕ್ಕಿ ಗುರುತಿಸುವುದಕ್ಕೆ

ಮೈಸೂರು, ಮಂಡ್ಯ ಕಡೆ ಕೆರೆ ಏರಿ ಸುತ್ತುವವರು ಯಾರಾದರೂ ಬಂದು "ಹಕ್ಕಿ ತೆಗೆಯೋಕೆ ಮೊದಲ ಕ್ಯಾಮೆರಾ ಯಾವುದು ತಗೊಳ್ಳಲಿ" ಅಂತ ಕೇಳಿದರೆ ನಾನು ಇವತ್ತಿಗೂ ನಿಕಾನ್ ಕೂಲ್‌ಪಿಕ್ಸ್ ಪಿ900 ಅನ್ನುತ್ತೇನೆ. ಜೊತೆಗೇ ಇನ್ನೊಂದು ಮಾತೂ ಹೇಳುತ್ತೇನೆ. 83 ಪಟ್ಟು ಜೂಮ್ ನೋಡಿ ಮರುಳಾಗಬೇಡಿ. ಜೂಮ್ ಪೂರ್ತಿ ಎಳೆದು ತೆಗೆದ ಚಿತ್ರ ಹಕ್ಕಿ ಯಾವುದು ಅಂತ ತಿಳಿಯುವುದಕ್ಕೆ. ಗೋಡೆಗೆ ಹಾಕುವಂಥ ಫೋಟೋ ಬೇಕಾದರೆ ಅರ್ಧಕ್ಕೇ ನಿಲ್ಲಿಸಬೇಕು.

ಯಾಕೆ ಹೀಗೆ ಅಂತ ಅರ್ಥವಾದರೆ ಈ ಕ್ಯಾಮೆರಾ ಮೇಲೆ ಸಿಟ್ಟು ಬರುವುದಿಲ್ಲ. 2015ರಲ್ಲಿ ಬಂದ ಮಾಡೆಲ್ ಇದು. ಜಾಹೀರಾತಿನಲ್ಲಿ 24ರಿಂದ 2000 ಎಂಎಂ ಅಂತ ಇರುತ್ತದೆ; ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆದರೆ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 4.3ರಿಂದ 357 ಎಂಎಂ ಮಾತ್ರ. ಒಳಗೆ ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ ತೀರಾ ಪುಟ್ಟದು, ಸುಮಾರು 6.2 ಎಂಎಂ ಅಗಲ, 4.6 ಎಂಎಂ ಎತ್ತರ. ಅಷ್ಟು ಚಿಕ್ಕ ಜಾಗದ ಮೇಲೆ ಚಿತ್ರ ಬೀಳುವುದರಿಂದಲೇ 357 ಎನ್ನುವುದು 2000ದ ಕೆಲಸ ಮಾಡುತ್ತದೆ. ಮದುವೆ ಫೋಟೋಗ್ರಾಫರುಗಳ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 2000 ಎಂಎಂ ಲೆನ್ಸ್ ಬೇಕು ಅಂದರೆ ಅದನ್ನು ಹೊರಲು ಇನ್ನೊಬ್ಬರು ಬೇಕಾಗುತ್ತದೆ. ಇದು ಸುಮಾರು 900 ಗ್ರಾಂ, ಅಷ್ಟೇ. ಸ್ಕೂಟರ್ ಡಿಕ್ಕಿಯಲ್ಲಿ ಹಿಡಿಯುತ್ತದೆ. ಇದಕ್ಕೆ ನಾವು ಕೊಡುವ ಬೆಲೆ ಬೆಳಕು. ಪುಟ್ಟ ಸೆನ್ಸರ್ ಅಂದರೆ ಒಳಗೆ ಬರುವ ಬೆಳಕೂ ಕಡಿಮೆ. ಜೂಮ್ ಪೂರ್ತಿ ಎಳೆದಾಗ ಲೆನ್ಸ್ ಎಫ್6.5ಕ್ಕೆ ಇಳಿದಿರುತ್ತದೆ, ಅಂದರೆ ಬೆಳಕು ಇನ್ನೂ ಕಡಿಮೆ.

ಆ ಪೂರ್ತಿ ಜೂಮ್ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ನನಗೆ ಅನಿಸಿದ್ದು ಹದಿನಾರು ಎಂಬ ಊರಿನ ಕೆರೆಯಲ್ಲಿ. ನಂಜನಗೂಡು ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆ. ಚಳಿ ಕಳೆಯುವುದು ನಮ್ಮಲ್ಲಿ. ಹಗಲು ಗುಂಪಾಗಿ ನೀರಿನಂಚಿನಲ್ಲಿ ಕೂತು ಬಿಸಿಲು ಕಾಯಿಸಿಕೊಂಡು, ಕತ್ತಲಾದ ಮೇಲೆ ಗದ್ದೆಗೆ ಮೇಯಲು ಹೋಗುತ್ತವೆ. ಹತ್ತಿರ ಹೋಗುವ ಹಾಗಿಲ್ಲ. ಒಂದು ತಲೆ ಎತ್ತಿತು ಅಂದರೆ ಎಲ್ಲವೂ ತಲೆ ಎತ್ತುತ್ತವೆ, ಇನ್ನೆರಡು ಹೆಜ್ಜೆ ಇಟ್ಟರೆ ಗುಂಪೇ ಏಳುತ್ತದೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ಹಾಕಿ ಬಿಟ್ಟಿದ್ದಾರೆ. ಅಂಥವು ಹದಿನಾರಿನಲ್ಲೂ ಕಂಡಿವೆ. ಏರಿಯ ಮೇಲೇ ನಿಂತು, ಹಕ್ಕಿಗೆ ತೊಂದರೆ ಕೊಡದೆ ಆ ಪಟ್ಟಿಯ ಬರಹ ಓದಬೇಕು ಅಂದರೆ 2000 ಎಂಎಂ ಬೇಕೇ ಬೇಕು. ಫೋಟೋ ಮಂಜುಮಂಜಾಗಿದ್ದರೂ ಪರವಾಗಿಲ್ಲ, ಅಕ್ಷರ ಓದಲು ಬಂದರೆ ಸಾಕು. ಒಂದೇ ಸಂಖ್ಯೆ ಇಲ್ಲೂ ಅಲ್ಲೂ ಸಿಕ್ಕಾಗ ತಾನೇ ಆ ಹಕ್ಕಿ ಹೋಗಿ ಬಂದ ದಾರಿ ತಿಳಿಯುವುದು?

ಅದೇ ಕೆರೆಯಲ್ಲೇ ಈ ಜೂಮ್‌ನ ಮಿತಿಯೂ ಕಾಣುತ್ತದೆ. ಬಿಸಿಲು ಏರಿದಂತೆ ನೀರಿನ ಮೇಲಿನ ಗಾಳಿ ಕಾದು ಅಲುಗಾಡಲು ಶುರುವಾಗುತ್ತದೆ. ಅಷ್ಟು ದೂರದಿಂದ ನೋಡಿದರೆ ಬಾತಿನ ತಲೆಯ ಪಟ್ಟೆಗಳೇ ತೇಲಾಡುತ್ತವೆ. ಫೋಕಸ್ ಸರಿಯಿದ್ದರೂ, ಸ್ಟ್ಯಾಂಡ್ ಹಾಕಿದ್ದರೂ ಚಿತ್ರ ಕಲಸಿಹೋಗುತ್ತದೆ. ಇದು ಕ್ಯಾಮೆರಾದ ತಪ್ಪಲ್ಲ. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ತಂದವರ ಚಿತ್ರವೂ ಆ ಹೊತ್ತಿಗೆ ಹಾಗೇ ಬರುತ್ತದೆ. ಬಹಳ ಜನ ಈ ಕ್ಯಾಮೆರಾ ಶಾರ್ಪ್ ಇಲ್ಲ ಅಂತ ಬೈಯುವಾಗ, ಅವರು ಫೋಟೋ ತೆಗೆದ ಹೊತ್ತು ಯಾವುದು ಅಂತ ಮೊದಲು ಕೇಳಬೇಕು. ಬೆಳಿಗ್ಗೆ ಬಿಸಿಲು ಬಿದ್ದ ಮೊದಲ ಒಂದೆರಡು ಗಂಟೆ, ಇಲ್ಲವೇ ಸಂಜೆ. ಮಧ್ಯದಲ್ಲಿ ಸುಮ್ನೆ ಟೀ ಕುಡಿದುಕೊಂಡು ಕೂರುವುದು ಮೇಲು.

ಮಂಡ್ಯದ ನಾಲೆ ಬಯಲಿನ ಗದ್ದೆಗಳಲ್ಲಿ ಬೇರೆಯದೇ ಕೆಲಸ. ಚಳಿಗಾಲದಲ್ಲಿ ಕೆಸರಿನಲ್ಲಿ ಓಡಾಡುವ ಗೊರವಗಳನ್ನು (ಸ್ಯಾಂಡ್‌ಪೈಪರ್) ಬರಿಗಣ್ಣಿನಲ್ಲಿ ನೋಡಿದರೆ ಎಲ್ಲವೂ ಒಂದೇ ಕಂದು. ವುಡ್ ಸ್ಯಾಂಡ್‌ಪೈಪರ್‌ಗೆ ಕಾಲು ಹಳದಿ ಛಾಯೆ, ಬೆನ್ನ ಮೇಲೆ ಚುಕ್ಕಿ ಜಾಸ್ತಿ, ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್‌ಗೆ ಬೆನ್ನು ಗಾಢ, ಹುಬ್ಬು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಇಷ್ಟನ್ನೂ ಗದ್ದೆ ಬದುವಿನ ಮೇಲೆ ನಿಂತು ನೋಡಿ ಮುಗಿಸುವ ಹೊತ್ತಿಗೆ ಹಕ್ಕಿ ಹಾರಿರುತ್ತದೆ. ಎರಡು ಫೋಟೋ ಇದ್ದರೆ ಮನೆಗೆ ಬಂದು ದೊಡ್ಡದು ಮಾಡಿ ನೋಡಬಹುದು. ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಪಟ್ಟಿ ಹಾಕುವವರಿಗಂತೂ ಇದು ದೊಡ್ಡ ಅನುಕೂಲ. ಅಪರೂಪದ ಹಕ್ಕಿ ನಮೂದಿಸಿದರೆ ಅದನ್ನು ಪರಿಶೀಲಿಸುವವರು ಆಧಾರ ಕೇಳುತ್ತಾರೆ. ಆಗ ಕೆಟ್ಟ ಫೋಟೋ ಕೂಡ ಒಳ್ಳೆಯ ಸಾಕ್ಷಿ.

ಗದ್ದೆ ಕಡೆ ಹೋದರೆ ಒಂದು ಪ್ರಶ್ನೆಗೆ ಉತ್ತರ ಸಿದ್ಧ ಇಟ್ಟುಕೊಂಡಿರಿ. "ಎಷ್ಟ್ ದೂರ ಕಾಣ್ತದೆ ಸಾ ಇದ್ರಲ್ಲಿ?" ನಾನು ಕ್ಯಾಮೆರಾವನ್ನೇ ಕೈಗೆ ಕೊಟ್ಟು ಅವರದೇ ತೆಂಗಿನ ಮರದ ಗೊನೆ ತೋರಿಸುತ್ತೇನೆ. ಆಮೇಲೆ ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತ ಅವರೇ ಹೇಳುತ್ತಾರೆ. ಇನ್ನು ಮನೆಯಲ್ಲಿ ಹುಣ್ಣಿಮೆ ಬಂತೆಂದರೆ ಮಕ್ಕಳಿಗೆಲ್ಲ ಚಂದ್ರನನ್ನು ತೋರಿಸುವ ಡ್ಯೂಟಿಯೂ ಇದರದ್ದೇ.

ರಂಗನತಿಟ್ಟಿಗೆ ಇಷ್ಟೆಲ್ಲ ಜೂಮ್ ಬೇಡ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮವಾದ ಜಾಗ ಅದು. ಅಲ್ಲಿನ ಹಕ್ಕಿಗಳಿಗೆ ದೋಣಿ ಅಭ್ಯಾಸವಾಗಿದೆ. ಬಂಡೆಯ ಮೇಲಿನ ಮೊಸಳೆ, ತಿಟ್ಟಿನ ಮೇಲಿನ ಬಣ್ಣದ ಕೊಕ್ಕರೆ ಎಲ್ಲ ಹತ್ತಿರದಲ್ಲೇ ಸಿಗುತ್ತವೆ. ತೇಲುವ ದೋಣಿಯಲ್ಲಿ 2000 ಎಂಎಂ ಹಿಡಿದರೆ ಹಕ್ಕಿ ಚೌಕಟ್ಟಿನಲ್ಲಿ ನಿಲ್ಲುವುದೇ ಇಲ್ಲ, 500ರ ಆಸುಪಾಸು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಕೇಳಿಕೊಂಡು ಹೊರಡಿ.

ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಈ ಕ್ಯಾಮೆರಾದ ಎರಡು ತುದಿಯೂ ಕೆಲಸಕ್ಕೆ ಬಂತು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ ಮರದಲ್ಲಿ. ಊರಿನವರು ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಬರೀ ಹಕ್ಕಿಯ ಮುಖ ತೆಗೆದರೆ ಅದು ಯಾವ ಊರಿನದೂ ಆಗಬಹುದು. 24 ಎಂಎಂಗೆ ತಂದರೆ ಮರ, ಹೆಂಚಿನ ಮನೆ, ಕೆಳಗೆ ಕಟ್ಟಿದ ಎಮ್ಮೆ ಎಲ್ಲ ಬರುತ್ತವೆ. ಮರುಕ್ಷಣ ಮರಿ ತಾಯಿಯ ಕೊಕ್ಕಿನೊಳಗೆ ತಲೆ ಹಾಕುವುದನ್ನೂ ತೆಗೆಯಬಹುದು. ಧೂಳಿನಲ್ಲಿ ನಿಂತು ಲೆನ್ಸ್ ಬದಲಿಸುವ ಗೋಳಿಲ್ಲ.

ಬಳಸುವ ರೀತಿಯ ಬಗ್ಗೆ. ಲೆನ್ಸ್ ಪಕ್ಕದಲ್ಲಿ ಒಂದು ಬಟನ್ ಇದೆ. ಒತ್ತಿ ಹಿಡಿದರೆ ಜೂಮ್ ಸ್ವಲ್ಪ ಹಿಂದಕ್ಕೆ ಬರುತ್ತದೆ, ಬಿಟ್ಟರೆ ಮೊದಲಿದ್ದಲ್ಲಿಗೇ ಹೋಗುತ್ತದೆ. ಹಕ್ಕಿ ಕಳೆದುಹೋದಾಗ ಮತ್ತೆ ಹುಡುಕಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕುಕ್ಕರಹಳ್ಳಿ ಕೆರೆಯ ಹಾವಕ್ಕಿಗಳ ಮೇಲೆ ಇದನ್ನು ಅಭ್ಯಾಸ ಮಾಡಿ. ರೆಕ್ಕೆ ಒಣಗಿಸಲು ಕೂತವು ಬೇಗ ಏಳುವುದಿಲ್ಲ. ಕ್ಯಾಮೆರಾವೇ ಎಲ್ಲ ನಿರ್ಧರಿಸುವ ಸೀನ್ ಮೋಡ್‌ಗಳನ್ನು ಬಿಟ್ಟು, ಶಟರ್ ವೇಗ ನಾವೇ ಇಡುವ ಎಸ್ ಮೋಡ್‌ಗೆ ಹೋಗಿ, ಕೂತ ಹಕ್ಕಿಗೆ 1/250 ಸೆಕೆಂಡ್, ಓಡಾಡುವುದಕ್ಕೆ 1/500 ಅಥವಾ ಇನ್ನೂ ಜಾಸ್ತಿ ಇಡಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400 ದಾಟಿದರೆ ಗರಿಯ ಎಳೆಗಳು ಬಣ್ಣ ಬಳಿದ ಹಾಗೆ ಮೆತ್ತಗಾಗುತ್ತವೆ. ಸೆನ್ಸರಿನ ಪೂರ್ತಿ ಮಾಹಿತಿ ಉಳಿಸುವ ರಾ ಫೈಲ್ ಇಲ್ಲ, ಬರೀ ಜೆಪೆಗ್. ಹಾಗಾಗಿ ಆಮೇಲೆ ಸರಿಮಾಡುತ್ತೇನೆ ಅನ್ನುವ ಆಸೆ ಬೇಡ.

ಹಾರುವ ಹಕ್ಕಿ? ಅಪರೂಪಕ್ಕೆ. ನಿಧಾನವಾಗಿ ತೇಲುವ ಹೆಜ್ಜಾರ್ಲೆ ಆಗುತ್ತದೆ, ಪುಟ್ಟ ಚುರುಕು ಕಳ್ಳಿಪೀರ ಆಗುವುದಿಲ್ಲ. ಕ್ಯಾಮೆರಾ ಒಂದೇ ಸಮನೆ ಕೆಲವು ಚಿತ್ರ ತೆಗೆದು ಕಾರ್ಡ್‌ಗೆ ಬರೆಯುತ್ತ ನಿಂತುಬಿಡುತ್ತದೆ. ಎಲೆಕೊಂಬೆಗಳ ಹಿಂದಿನ ಪುಟ್ಟ ಹಕ್ಕಿಗೂ ತಾಳ್ಮೆ ಬೇಕು, ಫೋಕಸ್ ಮುಂದಿನ ಎಲೆಗೇ ಹೋಗಿ ಕೂರುತ್ತದೆ.

ಬ್ಯಾಟರಿ ಎರಡು ಇರಲಿ. ನಾನು ತಂದ ಅಗ್ಗದ ನಕಲಿ ಬ್ಯಾಟರಿ ಉಬ್ಬಿಕೊಂಡಿತು, ಅಂಗಡಿಯವರು ಇದಕ್ಕೆಲ್ಲ ವಾರಂಟಿ ಇಲ್ಲ ಅಂದರು. ಒಳಗೇ ಜಿಪಿಎಸ್ ಇದೆ, ಯಾವ ಕೆರೆಯಲ್ಲಿ ತೆಗೆದದ್ದು ಅಂತ ನೆನಪಿಡುವುದು ಬೇಕಿಲ್ಲ. ಆದರೆ ಗೂಡಿನ ಅಥವಾ ಗೂಬೆಯ ಫೋಟೋ ಹಂಚುವ ಮೊದಲು ಆ ಜಾಗದ ಮಾಹಿತಿ ತೆಗೆದುಹಾಕಿ. ಗುಂಪು ಕಟ್ಟಿಕೊಂಡು ಬಂದು ಗೂಡಿನ ಮುಂದಿನ ಕೊಂಬೆ ಕಡಿಯುವ ಜನರಿದ್ದಾರೆ. ಇಷ್ಟು ದೂರದಿಂದ ತೆಗೆಯುವ ಕ್ಯಾಮೆರಾ ಕೈಯಲ್ಲಿ ಇಟ್ಟುಕೊಂಡು ಗೂಡಿನ ಬಳಿಗೆ ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ಕೊಳ್ಳುವುದಾದರೆ ಇದು ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. 2020ರಲ್ಲಿ ಬಂದ ಪಿ950ರಲ್ಲಿ ಜೂಮ್ ಇಷ್ಟೇ, ರಾ ಫೈಲ್ ಇದೆ, ನೋಡುವ ಕಿಂಡಿ ಚೆನ್ನಾಗಿದೆ, ತೂಕ ಒಂದು ಕಿಲೋ. ದುಡ್ಡಿದ್ದರೆ ಅದೇ ತಗೊಳ್ಳಿ. 2018ರ ಪಿ1000ಕ್ಕೆ 125 ಪಟ್ಟು ಜೂಮ್ ಇದೆ. ಆದರೆ ಗಾಳಿ ಅಲುಗಾಡುವ ಕಥೆ ಅದಕ್ಕೆ ಇನ್ನೂ ಜಾಸ್ತಿ, ತೂಕವೂ 1.4 ಕಿಲೋ. ಹಳೆಯ ಪಿ900 ನೋಡಲು ಹೋದಾಗ ಜೂಮ್ ಅನ್ನು ಈ ತುದಿಯಿಂದ ಆ ತುದಿಗೆ ನಾಲ್ಕಾರು ಸಲ ಓಡಿಸಿ, ಮೋಟಾರ್ ಎಲ್ಲಾದರೂ ತಡೆಯುತ್ತಾ ಕೇಳಿ. ಲೆನ್ಸಿಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿ. ಆಮೇಲೆ ಅಂಗಡಿಯಿಂದ ಹೊರಗೆ ಬಂದು, ದೂರದ ತಂತಿಯ ಮೇಲೆ ಕೂತ ಕಾಜಾಣವನ್ನು ಪೂರ್ತಿ ಜೂಮ್‌ನಲ್ಲಿ ತೆಗೆದು ನೋಡಿ ಬೆಲೆ ಮಾತಾಡಿ.