ಸಭಾಪಾಲಕರ ಮೇಜಿನ ಮೇಲೆ ಮೂಲಪಾಠ: ಸ್ಟೆಪ್ ಬೈಬಲ್ ತಂತ್ರಾಂಶದ ಕುರಿತು

ಮಂಗಳೂರು, ಉಡುಪಿ ಭಾಗದ ಸಭೆಗಳಲ್ಲಿ ವಾರವಾರವೂ ಪ್ರಸಂಗ ಮಾಡುವ ಸಭಾಪಾಲಕರಿಗಾಗಲಿ, ದೇವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗಾಗಲಿ ಸತ್ಯವೇದದ ಅಧ್ಯಯನಕ್ಕೆ ಒಂದೇ ಒಂದು ಉಪಕರಣವನ್ನು ಸೂಚಿಸಬೇಕಾಗಿ ಬಂದರೆ, ನಾನು ಸ್ಟೆಪ್ ಬೈಬಲನ್ನು ಸೂಚಿಸುತ್ತೇನೆ. ಇದನ್ನು ಸಿದ್ಧಪಡಿಸಿದ್ದು ಕೇಂಬ್ರಿಡ್ಜಿನ ಟಿಂಡೇಲ್ ಹೌಸ್. ಇವಾಂಜೆಲಿಕಲ್ ವಿದ್ವಾಂಸರು, ಅಂದರೆ ಸತ್ಯವೇದದ ಅಧಿಕಾರಕ್ಕೆ ಒತ್ತು ಕೊಡುವ ಪ್ರೊಟೆಸ್ಟೆಂಟರು, ಬೈಬಲ್ ಸಂಶೋಧನೆಗೆಂದೇ 1940ರ ದಶಕದಲ್ಲಿ ಕಟ್ಟಿದ ಆ ಗ್ರಂಥಾಲಯವು 2013ರಲ್ಲಿ ಈ ತಂತ್ರಾಂಶವನ್ನು ಸಾರ್ವಜನಿಕರಿಗೆ ತೆರೆಯಿತು. ಇದಕ್ಕೆ ಬೆಲೆಯಿಲ್ಲ, ಜಾಹೀರಾತಿಲ್ಲ. ಆದರೆ ಇದು ಏನನ್ನು ಕೊಡುತ್ತದೆ, ಏನನ್ನು ಓದುಗನಿಗೇ ಬಿಡುತ್ತದೆ ಎಂಬ ಎರಡನ್ನೂ ತಿಳಿದು ಬಳಸಿದವರಿಗಷ್ಟೇ ಇದರ ಪೂರ್ಣ ಪ್ರಯೋಜನ ದೊರೆಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಚಿತ ಎಂಬುದು ಇಲ್ಲಿ ಸಣ್ಣ ಮಾತಲ್ಲ. ಗ್ರೀಕ್ ಮತ್ತು ಹೀಬ್ರೂ ಮೂಲಪಾಠ, ಪದಕೋಶ, ಪ್ರತಿ ಪದವೂ ಎಲ್ಲೆಲ್ಲಿ ಬರುತ್ತದೆಂದು ತೋರಿಸುವ ಪದಾನುಕ್ರಮಣಿಕೆಗಳನ್ನು ಒಂದೊಂದಾಗಿ ಕೊಂಡುಕೊಳ್ಳಲು ಹೊರಟರೆ ಗ್ರಾಮಾಂತರ ಸಭೆಯೊಂದರ ಪಾಲಕರ ಸಂಬಳದಲ್ಲಿ ಅದು ಸಾಧ್ಯವಾಗುವ ಕೆಲಸವಲ್ಲ. ಅಂತರ್ಜಾಲದಲ್ಲಿ ನೇರವಾಗಿ ಬಳಸುವುದರ ಜೊತೆಗೆ, ಒಮ್ಮೆ ಇಳಿಸಿಕೊಂಡು ಸಂಪರ್ಕವಿಲ್ಲದೆಯೂ ಓದಲು ಬರುವಂತೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದು ಲಭ್ಯವಿದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ಘಟ್ಟದ ಬುಡದ ಊರುಗಳಲ್ಲಿ ಈ ಸೌಲಭ್ಯದ ಬೆಲೆ ಏನೆಂದು ಅಲ್ಲಿ ಸೇವೆ ಮಾಡುವವರಿಗೆ ಹೇಳಬೇಕಾಗಿಲ್ಲ.

ಬಳಸುವ ಕ್ರಮ ಸರಳವಾಗಿದೆ. ವಾಕ್ಯವೊಂದನ್ನು ತೆರೆದು ಪದದ ಮೇಲೆ ಗುರುತನ್ನು ಇಟ್ಟರೆ ಅದರ ಹಿಂದಿರುವ ಹೀಬ್ರೂ ಅಥವಾ ಗ್ರೀಕ್ ಪದ, ಅದರ ಸಂಕ್ಷಿಪ್ತ ಅರ್ಥ, ಅದೇ ಪದ ಬೇರೆಲ್ಲಿ ಬಂದಿದೆ ಎಂಬ ವಿವರ ಕಾಣಿಸುತ್ತದೆ. ಕ್ರಿಯಾಪದಗಳ ಕಾಲ, ಪ್ರಯೋಗಗಳನ್ನು ಬಣ್ಣಗಳಿಂದ ಗುರುತಿಸುವ ವ್ಯವಸ್ಥೆಯೂ ಇದೆ. ಗ್ರೀಕ್ ಕಲಿಯುತ್ತಿರುವವರಿಗೆ ಇದು ಒಳ್ಳೆಯ ಅಭ್ಯಾಸ. ಹಲವು ಅನುವಾದಗಳನ್ನು ಮೂಲಪಾಠದೊಡನೆ ಪಕ್ಕಪಕ್ಕದ ಕಂಬಗಳಲ್ಲೋ, ಸಾಲಿನ ಕೆಳಗೆ ಸಾಲಾಗಿಯೋ ಜೋಡಿಸಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಶಕ್ತಿಯಿರುವುದು ಈ ಜೋಡಣೆಯಲ್ಲಿ.

ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯವನ್ನೇ ನೋಡಬಹುದು. 5ನೆಯ ವಚನದಲ್ಲಿ ಲೇಖಕನು ಹಳೆಯ ಒಡಂಬಡಿಕೆಯ 40ನೆಯ ಕೀರ್ತನೆಯನ್ನು ಉದ್ಧರಿಸುತ್ತ, ದೇವರು ತನಗೆ ದೇಹವನ್ನು ಸಿದ್ಧಮಾಡಿಕೊಟ್ಟನೆಂದು ಕ್ರಿಸ್ತನು ಹೇಳುವುದಾಗಿ ಬರೆಯುತ್ತಾನೆ. 10ನೆಯ ವಚನದಲ್ಲಿ ಬರುವ ದೇಹಸಮರ್ಪಣೆಯ ವಾದವು ಆ ಮಾತಿನ ಮೇಲೆಯೇ ನಿಂತಿದೆ. ಆದರೆ ಕೀರ್ತನೆಯನ್ನು ತೆರೆದು ನೋಡಿದವರಿಗೆ ಅಲ್ಲಿ ದೇಹದ ಮಾತಿಲ್ಲ, ಕಿವಿಗಳ ಮಾತಿದೆ. ಸತ್ಯವೇದ ತರಗತಿಯಲ್ಲಿ ಗಮನವಿಟ್ಟು ಓದುವ ಯುವಕನೊಬ್ಬ ಇದನ್ನು ಕೇಳಿಯೇ ಕೇಳುತ್ತಾನೆ, ಮತ್ತು ಅವನಿಗೆ ಪ್ರಾಮಾಣಿಕವಾದ ಉತ್ತರ ಸಿಗಬೇಕು. ಹೀಬ್ರೂ ಪಾಠವನ್ನೂ, ಸೆಪ್ಟುವಜಿಂಟ್ ಎಂಬ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವನ್ನೂ, ಪತ್ರಿಕೆಯ ಗ್ರೀಕ್ ಪಾಠವನ್ನೂ ಒಂದೇ ಪರದೆಯಲ್ಲಿ ಇರಿಸಿಕೊಂಡರೆ ಪ್ರಶ್ನೆಯ ಸ್ವರೂಪ ಸ್ಪಷ್ಟವಾಗುತ್ತದೆ. ಈ ಕೀರ್ತನೆ ಸೆಪ್ಟುವಜಿಂಟಿನಲ್ಲಿ 39ನೆಯದು. ನಮ್ಮ ಸತ್ಯವೇದದ 6ನೆಯ ವಚನ ಹೀಬ್ರೂ ಪಾಠದಲ್ಲಿ 7ನೆಯದು. ಇಂಥ ಸಂಖ್ಯಾಭೇದಗಳನ್ನು ಹೊಂದಿಸುವ ಕೆಲಸವನ್ನು ಟಿಂಡೇಲ್ ಹೌಸಿನವರು ಬಹಳ ಶ್ರಮವಹಿಸಿ ಮಾಡಿದ್ದಾರೆ.

ಆದರೆ ಇಲ್ಲಿಗೆ ನಿಂತರೆ ಅರ್ಧ ಉತ್ತರವಷ್ಟೇ ಕೈಗೆ ಬರುತ್ತದೆ. ಸೆಪ್ಟುವಜಿಂಟಿನ ಪ್ರಾಚೀನ ಮಹಾ ಹಸ್ತಪ್ರತಿಗಳಾದ ವ್ಯಾಟಿಕಾನಸ್, ಸಿನೈಟಿಕಸ್, ಅಲೆಕ್ಸಾಂಡ್ರಿನಸ್‌ಗಳಲ್ಲಿ ದೇಹ ಎಂಬ ಪಾಠವಿದ್ದರೂ, ಆಲ್ಫ್ರೆಡ್ ರಾಲ್ಫ್ಸ್ ಸಂಪಾದಿಸಿ 1935ರಲ್ಲಿ ಪ್ರಕಟವಾದ ಆವೃತ್ತಿಯಲ್ಲಿ ಕಿವಿಗಳು ಎಂಬ ಪಾಠವನ್ನೇ ಮೂಲವೆಂದು ಮುದ್ರಿಸಲಾಗಿದೆ. ಆದ್ದರಿಂದ ಪರದೆಯ ಮೇಲಿರುವ ಸೆಪ್ಟುವಜಿಂಟ್ ಯಾವ ಆವೃತ್ತಿಯದೆಂದು ನೋಡದೆ ತೀರ್ಮಾನಕ್ಕೆ ಬರುವ ವಿದ್ಯಾರ್ಥಿ, ಪತ್ರಿಕೆಯ ಲೇಖಕನೇ ಪದವನ್ನು ಬದಲಿಸಿದನೆಂದು ತಿಳಿದುಬಿಡುವ ಸಾಧ್ಯತೆ ಇದೆ. ಪಾಠಾಂತರಗಳ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಪಾಠಗಳ, ಸಾಕ್ಷ್ಯವನ್ನು ತೂಗಿ ನೋಡಲು, ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದ ವಿಮರ್ಶಾತ್ಮಕ ಆವೃತ್ತಿಯ ಅಡಿಟಿಪ್ಪಣಿಗಳಿಗೇ ಹೋಗಬೇಕು. ತಂತ್ರಾಂಶವು ಪಾಠಗಳನ್ನು ಮುಂದಿಡುತ್ತದೆ. ನಿರ್ಣಯಕ್ಕೆ ಬೇಕಾದ ವಿವೇಚನೆ ಓದುಗನದು.

ಪಾಠಾಂತರದ ಹೆಸರು ಕೇಳಿದೊಡನೆ ಕೆಲವು ಸಭಾಪಾಲಕರು ಅಳುಕುವುದನ್ನು ನಾನು ಬಲ್ಲೆ. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದ 9ರಿಂದ 20ರವರೆಗಿನ ವಚನಗಳು, ಹೊಸ ಒಡಂಬಡಿಕೆಯನ್ನೂ ಒಳಗೊಂಡಿರುವ ಸಿನೈಟಿಕಸ್ ಮತ್ತು ವ್ಯಾಟಿಕಾನಸ್ ಪ್ರತಿಗಳಲ್ಲಿ ಇಲ್ಲವೆಂದು ಹೇಳಿದರೆ ಜನರ ವಿಶ್ವಾಸ ಕದಡೀತೆಂಬುದು ಅವರ ಚಿಂತೆ. ಕನ್ನಡಿಗರಿಗೆ ಈ ಅಳುಕು ಅಗತ್ಯವಿಲ್ಲ. ಹಳಗನ್ನಡ ಕಾವ್ಯಗಳ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆಯ ಶಿಸ್ತು ನಮಗೆ ಪರಿಚಿತ. ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1848ರಿಂದ ಜೈಮಿನಿ ಭಾರತ, ಬಸವಪುರಾಣ ಮೊದಲಾದ ಕೃತಿಗಳನ್ನು ಅಚ್ಚಿಗೆ ತಂದದ್ದನ್ನೂ ನೆನೆಯಬಹುದು. ಧರ್ಮಗ್ರಂಥವನ್ನು ಗೌರವಿಸುವವನೇ ಅದರ ಹಸ್ತಪ್ರತಿಗಳನ್ನು ಶ್ರದ್ಧೆಯಿಂದ ಪರಿಶೀಲಿಸಬೇಕು. 2017ರಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಆವೃತ್ತಿಯೊಂದನ್ನು ಸ್ವತಃ ಟಿಂಡೇಲ್ ಹೌಸಿನ ವಿದ್ವಾಂಸರೇ ಸಂಪಾದಿಸಿ ಹೊರತಂದದ್ದು ಈ ನಂಬಿಕೆಯಿಂದಲೇ ಎಂದು ನಾನು ತಿಳಿಯುತ್ತೇನೆ.

ನನ್ನ ಮುಖ್ಯ ಎಚ್ಚರಿಕೆ ಪದಕೋಶದ ಬಳಕೆಯ ಬಗೆಗಿನದು. ಒಂದು ಕ್ಲಿಕ್ಕಿಗೆ ಗ್ರೀಕ್ ಪದವೂ ಅದರ ಹತ್ತು ಅರ್ಥಗಳೂ ತೆರೆದುಕೊಂಡಾಗ, ಅವುಗಳಲ್ಲಿ ತನಗೆ ಹಿತವೆನಿಸಿದ್ದನ್ನು ಆರಿಸಿ ಪ್ರಸಂಗಕ್ಕೆ ಒಯ್ಯುವ ಆಸೆ ಬಲವಾಗಿರುತ್ತದೆ. ಲಿಡೆಲ್ ಮತ್ತು ಸ್ಕಾಟ್ ಅವರ ಬೃಹತ್ ಗ್ರೀಕ್ ನಿಘಂಟು ಹೋಮರನ ಕಾಲದ ಪ್ರಯೋಗಗಳನ್ನೂ ದಾಖಲಿಸುತ್ತದೆ. ಆ ಅರ್ಥವನ್ನು ನೂರಾರು ವರ್ಷಗಳ ನಂತರ ಬರೆದ ಪೌಲನ ವಾಕ್ಯಕ್ಕೆ ಅಂಟಿಸುವುದು ವ್ಯಾಖ್ಯಾನವಾಗುವುದಿಲ್ಲ. ಬೈಬಲ್ ಪದಾನುಕ್ರಮಣಿಕೆ ರಚಿಸಿದ ಜೇಮ್ಸ್ ಸ್ಟ್ರಾಂಗ್ ಅವರು 1890ರಲ್ಲಿ ಪದಗಳಿಗೆ ಕೊಟ್ಟ ಸಂಖ್ಯೆಗಳು ಹುಡುಕಾಟಕ್ಕೆ ಅನುಕೂಲವೇ ಹೊರತು ವ್ಯಾಕರಣಕ್ಕೆ ಬದಲಿಯಲ್ಲ. ದೇವಶಾಸ್ತ್ರವನ್ನು ಒಂಟಿ ಪದಗಳ ಮೇಲೆ ಕಟ್ಟುವ ಪದ್ಧತಿಯನ್ನು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲೇ ಖಂಡಿಸಿದ್ದರು. ಇವಾಂಜೆಲಿಕಲ್ ವಿದ್ವಾಂಸರೂ ಆ ಎಚ್ಚರಿಕೆಯನ್ನು ಸ್ವೀಕರಿಸಿ ತಮ್ಮ ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದಿದ್ದಾರೆ. ಆದ್ದರಿಂದ ಗ್ರೀಕ್ ವ್ಯಾಕರಣದ ಪ್ರಾಥಮಿಕ ಪಾಠವನ್ನಾದರೂ ಮುಗಿಸಿದ ಮೇಲೆ ಇದನ್ನು ಕೈಗೆತ್ತಿಕೊಳ್ಳಿ ಎಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಅದಕ್ಕೆ ಅವಕಾಶವಿಲ್ಲದ ಹಿರಿಯ ಪಾಲಕರು ಪದಾರ್ಥಕ್ಕಿಂತ ಹೆಚ್ಚಾಗಿ ಸಮಾನ ವಾಕ್ಯಭಾಗಗಳ ಹೋಲಿಕೆಗೆ ಇದನ್ನು ಬಳಸುವುದು ಕ್ಷೇಮ.

ಇನ್ನು ಭಾಷೆಯ ಮಾತು. ನಾನು ಇದರಲ್ಲಿ ಬಳಸುವ ಪದಕೋಶಗಳು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೋ ತುಳುವಿನಲ್ಲೋ ಬೋಧಿಸುವ ಪಾಲಕರು ಗ್ರೀಕಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಅರ್ಥದ ಸೂಕ್ಷ್ಮಗಳು ಸವೆದುಹೋಗುತ್ತವೆ. ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಟಿಂಡೇಲ್ ಹೌಸ್ ತಾನು ಸಿದ್ಧಪಡಿಸಿದ ಪದದತ್ತಾಂಶವನ್ನು, ಮೂಲವನ್ನು ಉಲ್ಲೇಖಿಸಿದರೆ ಯಾರೂ ಬಳಸಿ ಬೆಳೆಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದೆ. 1847ರಲ್ಲಿ ತುಳು ಹೊಸ ಒಡಂಬಡಿಕೆಯನ್ನೂ 1894ರಲ್ಲಿ ಕಿಟೆಲ್ ನಿಘಂಟನ್ನೂ ಅಚ್ಚುಮಾಡಿದ ಮಂಗಳೂರಿನಲ್ಲಿ ಗ್ರೀಕ್–ಕನ್ನಡ ಪದಕೋಶವೊಂದನ್ನು ಸಿದ್ಧಪಡಿಸುವ ಸಾಮರ್ಥ್ಯವಿಲ್ಲವೆಂದು ನಾನು ಒಪ್ಪುವುದಿಲ್ಲ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಸಲ ಬರುವ ಪದಗಳು ಸುಮಾರು 310 ಮಾತ್ರ. ಇಡೀ ಪಾಠದ ಸುಮಾರು ಶೇಕಡಾ 80 ಭಾಗ ಅವುಗಳಿಂದಲೇ ಆಗಿದೆ. ದೇವಶಾಸ್ತ್ರ ಕಾಲೇಜಿರುವ ಮಂಗಳೂರಿನ ಬಲ್ಮಠದ ಪರಿಸರದಲ್ಲಿ ಗ್ರೀಕ್ ಕಲಿಸುವವರೂ, ಕನ್ನಡವನ್ನು ಚೆನ್ನಾಗಿ ಬಲ್ಲ ಕೆಲವು ಪಾಲಕರೂ, ದತ್ತಾಂಶ ಜೋಡಿಸಬಲ್ಲ ಒಬ್ಬಿಬ್ಬರು ಯುವಕರೂ ಕುಳಿತರೆ, ಆ 310 ಪದಗಳಿಂದ ಕೆಲಸವನ್ನು ಆರಂಭಿಸಬಹುದು.