ಬೌನ್ಸರ್ ಕುರ್ಚಿ: ಬೊಂಬೆ ಕಂಬಿ ಕಳಚಿಟ್ಟರೆ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ

ತೊಟ್ಟಿಲು ಕಾರ್ಯಕ್ಕೆ ಉಡುಗೊರೆ ಬೇಕೆಂದರೆ ಬಳ್ಳಾರಿಯ ಅಂಗಡಿಗಳಲ್ಲಿ ಈಗ ಕೂಸನ್ನು ಓರೆಯಾಗಿ ಒರಗಿಸುವ ಬೌನ್ಸರ್ ಕುರ್ಚಿಯನ್ನೂ ತೋರಿಸುತ್ತಾರೆ. ಬಾಗಿದ ಕಬ್ಬಿಣದ ಸರಳು, ಅದಕ್ಕೆ ಬಿಗಿದ ಬಟ್ಟೆ, ಸೊಂಟಕ್ಕೆ ಬೆಲ್ಟು, ಮೇಲೊಂದು ಬೊಂಬೆ ತೂಗುವ ಕಂಬಿ, ಸೆಲ್ ಹಾಕಿದರೆ ನಡುಗುವ, ಹಾಡುವ ಪೆಟ್ಟಿಗೆ. ದರ ಸುಮಾರು 1,500ರಿಂದ 3,000 ರೂಪಾಯಿ. ಡಬ್ಬಿ ಮೇಲೆ ‘ಮಿದುಳಿನ ಬೆಳವಣಿಗೆಗೆ’ ಅಂತ ಬರೆದಿದ್ದರೆ ಆ ಮಾತು ಒಪ್ಪುವುದು ಇದರ ಇಳಿಜಾರಿಗಷ್ಟೇ. ಕೂಸಿನ ಮುಖವನ್ನು ನಮ್ಮ ಮುಖದ ಎದುರಿಗೆ ತರುವುದು ಅದೊಂದೇ.

ಹುಟ್ಟಿ ಎರಡರಿಂದ ಐದು ದಿನವಾದ ಕೂಸುಗಳೂ ತಮ್ಮನ್ನೇ ನೋಡುವ ಮುಖವನ್ನು ಹೆಚ್ಚು ಹೊತ್ತು ನೋಡುತ್ತವೆ. ನಾಲ್ಕು ತಿಂಗಳಿಗೆ ಅಂಥ ಮುಖಕ್ಕೆ ಮಿದುಳಿನ ಸ್ಪಂದನವೂ ಜೋರು. ಸಂಶೋಧಕಿ ತೆರೇಸಾ ಫರೋನಿ ಮತ್ತು ಸಂಗಡಿಗರು ಇದನ್ನು 2002ರಲ್ಲೇ ತೋರಿಸಿದ್ದಾರೆ. 2017ರ ಕೇಂಬ್ರಿಜ್ ಅಧ್ಯಯನದಲ್ಲಿ ಎಂಟು ತಿಂಗಳ ಆಸುಪಾಸಿನ ಕೂಸುಗಳಿಗೂ ಅವಕ್ಕೆ ಹಾಡುವವರಿಗೂ ಮಿದುಳಿನ ವಿದ್ಯುತ್ ಅಲೆ ಹಿಡಿಯುವ ಇಇಜಿ ಹಾಕಿ ಅಳೆದರು. ಕಣ್ಣಲ್ಲಿ ಕಣ್ಣಿಟ್ಟು ಹಾಡಿದಾಗ ಇಬ್ಬರ ಮಿದುಳಿನ ಲಯ ಹೆಚ್ಚು ಹೊಂದಿತು, ಕೂಸುಗಳು ದನಿ ಮಾಡಿದ್ದೂ ಹೆಚ್ಚು. ಆದರೆ ಇನ್ನೊಂದು ಅಧ್ಯಯನದಲ್ಲಿ ಒಂದು ವರ್ಷದ ಆಸುಪಾಸಿನ ಕೂಸುಗಳು ತಾಯಿಯೊಂದಿಗೆ ಮನಸ್ಸಿಗೆ ಬಂದಂತೆ ಆಡುವಾಗ ಅಳೆದರೆ ಅಂಥ ಹೊಂದಿಕೆ ಕಾಣಲಿಲ್ಲ. ಮಿದುಳಿನ ಸ್ಪಂದನ ಕಂಡದ್ದು ಕೂಸು ತಾನಾಗಿ ನೋಟ ಶುರುಮಾಡಿದಾಗ. ಹಾಗಾಗಿ ಗದ್ದ ಹಿಡಿದು ಮುಖ ತಿರುಗಿಸುವುದು ಬೇಡ, ಅದು ನೋಡುವತನಕ ಕಾಯಬೇಕು.

ಇನ್ನು ಆ ಕಂಬಿ. ಎಳೆಗೂಸಿಗೆ ಚೆನ್ನಾಗಿ ಕಾಣುವುದು 20-30 ಸೆಂ.ಮೀ. ದೂರದ್ದು. ಬೊಂಬೆಗಳು ಸರಿಯಾಗಿ ಅಲ್ಲೇ ತೂಗುತ್ತವೆ, ನಮ್ಮ ಮುಖ ಅವುಗಳ ಹಿಂದೆ ಬೀಳುತ್ತದೆ. ಹಾಡಿನ ಪೆಟ್ಟಿಗೆ ನಮ್ಮ ದನಿಯನ್ನೂ ನುಂಗುತ್ತದೆ. ಅಂಗಡಿಯಲ್ಲೇ ಕಂಬಿ ಕಳಚಿ ನೋಡಿ. ಕಳಚಲು ಬಾರದ ಮಾಡೆಲ್ ಬೇಡ. ಬೊಂಬೆಗಳ ಮೇಲೆ ಐಎಸ್‌ಐ ಗುರುತು ಇರಲಿ.

ಕುರ್ಚಿಯನ್ನು ನೆಲದ ಮೇಲೆಯೇ ಇಡಬೇಕು, ಮಂಚ ಮೇಜಿನ ಮೇಲೆ ಖಂಡಿತ ಬೇಡ. ಕೂಸು ಒದೆಯುತ್ತ ಒದೆಯುತ್ತ ಕುರ್ಚಿ ಅಂಚಿಗೆ ಸರಿಯುತ್ತದೆ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು ಬಗ್ಗಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮುಖ ಕಪ್ಪಗೆ ಕಾಣುತ್ತದೆ, ಕಣ್ಣು ಕಾಣುವುದೇ ಇಲ್ಲ. ಬೆಳಕು ನಿಮ್ಮ ಮುಖಕ್ಕೆ ಬೀಳಲಿ. ಒಂದು ಮಾತಾಡಿ, ಸುಮ್ಮನಾಗಿ, ಅದರ ‘ಊಂ’ಗೆ ಜಾಗ ಬಿಡಿ. ಕೂಸು ಮುಖ ಆಚೆ ತಿರುಗಿಸಿದರೆ ಸಾಕಾಗಿದೆ ಎಂದರ್ಥ, ಬೆನ್ನುಹತ್ತಬೇಡಿ. ಒಮ್ಮೆಗೆ ಐದು-ಹತ್ತು ನಿಮಿಷ ಸಾಕು. ಮೊಬೈಲು ದೂರವಿರಲಿ.

ನಿದ್ದೆಗೆ ಈ ಕುರ್ಚಿ ಅಲ್ಲ. ಓರೆಯಲ್ಲಿ ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಮುಚ್ಚಬಹುದು. ಕಣ್ಣು ಮುಚ್ಚಿದ ತಕ್ಷಣ ಎತ್ತಿ ಸಮತಟ್ಟಾದ ಕಡೆ ಅಂಗಾತ ಮಲಗಿಸಿ. ತಾನಾಗಿ ಎದ್ದು ಕೂರಲು ಹವಣಿಸಿದರೆ ಕುರ್ಚಿಯ ಕಾಲ ಮುಗಿಯಿತು. ಬಳ್ಳಾರಿ-ರಾಯಚೂರಿನ 40 ಡಿಗ್ರಿ ಬಿಸಿಲುಗಾಲಕ್ಕೆ ಪಾಲಿಯೆಸ್ಟರ್ ಹಾಸು ಬೆನ್ನಿಗೆ ಬೆವರುಸಾಲೆ ತರುತ್ತದೆ, ಬಲೆಬಟ್ಟೆಯದೇ ಕೊಳ್ಳಿ.

ನಿಜ ಹೇಳಬೇಕೆಂದರೆ, ಗೋಡೆಗೊರಗಿ ಮೊಣಕಾಲು ಮಡಚಿ ಕುಳಿತು, ಕೂಸಿನ ತಲೆ ಮೊಣಕಾಲ ಕಡೆಗೆ ಬರುವಂತೆ ತೊಡೆಗಳ ಮೇಲೆ ಅಂಗಾತ ಒರಗಿಸಿಕೊಂಡರೆ ಇದೇ ಇಳಿಜಾರು ಪುಕ್ಕಟೆ ಸಿಗುತ್ತದೆ, ಅಂತರವೂ ಸರಿಹೋಗುತ್ತದೆ. ಸಿಸೇರಿಯನ್ ಆಗಿ ಹೊಟ್ಟೆ ಮೇಲೆ ಭಾರ ತಾಳದ ಬಾಣಂತಿಗೆ, ಮಂಡಿನೋವಿನ ಅಜ್ಜಿಗೆ ಕುರ್ಚಿ ಉಪಯೋಗಕ್ಕೆ ಬಂದೀತು. ಉಳಿದವರು ಕೊಳ್ಳಲೇಬೇಕೆಂದೇನಿಲ್ಲ. ಮೂರು ತಿಂಗಳು ತುಂಬಿದರೂ ಕೂಸು ಮುಖ ನೋಡದಿದ್ದರೆ, ನಗದಿದ್ದರೆ ಮಾತ್ರ ಯಾವ ಕುರ್ಚಿಯನ್ನೂ ನಂಬಿ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ.