ಮರುತುಂಬಿದ ತೋಟೆ ತಗೊಂಡು ಮೋಸ ಹೋದೆ, ನೀವು ತಗೋಬೇಡಿ

ಮರುತುಂಬಿದ ತೋಟೆ ಅಂದರೆ ಒಮ್ಮೆ ಹೊಡೆದು ಖಾಲಿಯಾದ ಕಾಡತೂಸಿನ ಖೋಲಿಗೆ (ಹೊರಚಿಪ್ಪಿಗೆ) ಮತ್ತೆ ಕೇಪು (ಕಿಡಿ ಕೊಡುವ ಬಿಲ್ಲೆ), ಮಸಿ (ಮದ್ದು) ಹಾಕಿ ಕೊಡೋದು. ಇದನ್ನು ಬರೆಯೋಕೆ ಹದಿನೈದು ದಿನ ಹಿಂಜರಿದೆ. ನಾಚಿಕೆ. ಆದರೆ ನಿನ್ನೆ ರಿಪ್ಪನ್‌ಪೇಟೆ ಕಡೆಯ ನೆಂಟರೊಬ್ಬರು ಫೋನ್ ಮಾಡಿ, "ನಂಗೂ ಆ ಕೋವಿ ರಿಪೇರಿಯವನೇ ಇಪ್ಪತ್ತು ತೋಟೆ ಕೊಟ್ಟಿದಾನೆ ಮಾರಾಯ" ಅಂದರು. ಇನ್ನು ಸುಮ್ಮನಿದ್ದರೆ ತಪ್ಪಾಗುತ್ತದೆ. ಬೆಳೆ ಕಾಯೋಕೆ ಕೋವಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಹೊಸನಗರ ತಾಲ್ಲೂಕು, ಕಾಡಂಚಿನ ಗದ್ದೆ. ಭತ್ತ ಹಾಲುಗಟ್ಟಿದ ಮೇಲೆ ಮಾಳದಲ್ಲಿ (ಗದ್ದೆ ಕಾಯುವ ಅಟ್ಟಣೆಯಲ್ಲಿ) ಕೂತು ಕಾಯದಿದ್ದರೆ ಒಂದು ಹಿಂಡು ಹಂದಿ ಒಂದೇ ರಾತ್ರಿಯಲ್ಲಿ ಗದ್ದೆ ಮಗುಚಿ ಹೋಗುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಅಪ್ಪನ ಕಾಲದ 12 ಬೋರ್ ಒಂಟಿ ನಳಿಗೆ ಕೋವಿ ಇದೆ. ಲೈಸೆನ್ಸ್ ಸರಿಯಾಗಿದೆ. ಹಂದಿ ಕೊಲ್ಲೋಕಲ್ಲ, ಗಾಳಿಗೆ ಒಂದು ಈಡು ಹೊಡೆದರೆ ಓಡುತ್ತವೆ, ಅಷ್ಟಕ್ಕೇ.

ತೋಟೆ ಮುಗಿದಿತ್ತು. ಶಿವಮೊಗ್ಗಕ್ಕೆ ಹೋದೆ. ಯಾವಾಗಲೂ ತಗೊಳ್ಳೋದು ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ. ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರದ ತನಕ ಹಂದಿ ಕಾಯುತ್ತದಾ? ಆಗಲೇ ಕೋವಿ ರಿಪೇರಿ ಮಾಡುವ ಒಬ್ಬ ಸಿಕ್ಕಿದ. ಹಳೇ ಪರಿಚಯ. ಒಮ್ಮೆ ನನ್ನ ಕೋವಿಯ ಕುದುರೆಗೆ (ಹಿಂದೆ ಎಳೆದು ಬಿಡುವ ಸುತ್ತಿಗೆಗೆ) ಸ್ಪ್ರಿಂಗ್ ಹಾಕಿಕೊಟ್ಟಿದ್ದ.

"ನನ್ನ ಹತ್ರ ಇದೆ ಗೌಡ್ರೇ. ಕಾರ್ಖಾನೆ ಮಾಲು. ಬಾಕ್ಸ್ ಒಡೆದಿದೆ ಅಷ್ಟೇ."

"ಹೊಸದಾ?" ಅಂತ ಕೇಳಿದೆ. ಎರಡು ಸಲ ಕೇಳಿದೆ.

"ಹೊಸದೇ. ನಿಮಗೆ ಹಳೇದು ಕೊಡ್ತೀನಾ?"

ಹತ್ತು ತೋಟೆ, ಒಂದಕ್ಕೆ 70 ರೂಪಾಯಿ. ಬಿಲ್ ಇಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಎಂಟ್ರಿ ಮಾಡು ಅಂದರೆ, "ಯಾಕೆ ಸುಮ್ನೆ ನಿಮ್ಮ ವರ್ಷದ ಕೋಟಾ ಖರ್ಚು ಮಾಡ್ತೀರಿ?" ಅಂದ. ನಾನು ಪುಸ್ತಕ ಜೇಬಿಗೆ ಹಾಕಿಕೊಂಡೆ. ತಪ್ಪು ಅಲ್ಲೇ ಆಯಿತು. ಬಿಲ್ ಇಲ್ಲದೆ, ಎಂಟ್ರಿ ಇಲ್ಲದೆ ತೋಟೆ ತಗೋಬಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ.

ಮೊದಲ ಈಡು ಜೋರಾಗೇ ಆಯಿತು. ಆದರೆ ಮಾಳದ ಸುತ್ತ ದಟ್ಟ ಬಿಳಿ ಹೊಗೆ, ಕೊಳೆತ ಮೊಟ್ಟೆ ವಾಸನೆ. ನಳಿಗೆ ಬಾಯಿಂದ ಕಪ್ಪು ಮಸಿ ತುಂಬುತ್ತಿದ್ದ ಅಪ್ಪನ ಕೇಪಿನ ಕೋವಿ ನೆನಪಾಯಿತು. ಕಾರ್ಖಾನೆ ತೋಟೆಯಲ್ಲಿ ಅಷ್ಟು ಹೊಗೆ ಬರೋದಿಲ್ಲ. ಅನುಮಾನ ಬರಬೇಕಿತ್ತು, ಬರಲಿಲ್ಲ.

ಎರಡು ದಿನ ಬಿಟ್ಟು ಎರಡನೆಯದು. ಹೊಗೆಯೇ ಇಲ್ಲ. ಆದರೆ ಹಿಂದೆ ಒದ್ದ ಪೆಟ್ಟಿಗೆ ಭುಜ ನೀಲಿಗಟ್ಟಿತು. ಖಾಲಿ ತೋಟೆ ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಮುಂದಿನಿಂದ ಬಿದಿರು ಕೋಲು ಹಾಕಿ ತಳ್ಳಬೇಕಾಯಿತು. ತೇವಕ್ಕೆ ಊದಿಕೊಂಡಿದೆ ಅಂದುಕೊಂಡೆ. ಒಂದೇ ಪೊಟ್ಟಣದ ಎರಡು ತೋಟೆ, ಒಂದರಲ್ಲಿ ಕಪ್ಪು ಮಸಿ, ಇನ್ನೊಂದರಲ್ಲಿ ಹೊಗೆರಹಿತ ಮಸಿ! ಆಮೇಲೆ ಗೊತ್ತಾಗಿದ್ದು ಇದು.

ಮೂರನೆಯದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ರಾತ್ರಿ ಹನ್ನೊಂದರ ಹೊತ್ತು. ಹಂದಿ ಬೇಲಿ ದಾಟಿದ ಸದ್ದು. ಕುದುರೆ ಎಳೆದೆ, ಒತ್ತಿದೆ. ಢಂ ಅನ್ನಲಿಲ್ಲ. ಟುಸ್ ಅಂತ ಒಂದು ಸದ್ದು, ಭುಜಕ್ಕೆ ಏನೂ ಇಲ್ಲ. ಹಂದಿಗಳು ಅಲ್ಲೇ ಇವೆ. ಗಡಿಬಿಡಿಯಲ್ಲಿ ಕೋವಿ ಮಡಚಿ, ಖಾಲಿ ತೆಗೆದು, ಇನ್ನೊಂದು ತೋಟೆ ಕೈಗೆ ತಗೊಂಡೆ. ಪಕ್ಕದ ಮಾಳದಿಂದ ಚಿಕ್ಕಪ್ಪ ಕೂಗಿದರು.

"ಏಯ್ ತಮ್ಮಾ, ಹಾಕಬೇಡ! ನಳಿಗೆ ನೋಡು ಮೊದ್ಲು!"

ಮಡಚಿದ ಕೋವಿಯ ಹಿಂದಿನಿಂದ ನಳಿಗೆಯೊಳಗೆ ನೋಡಿದೆ. ಚಿಕ್ಕಪ್ಪ ಮುಂದಿನಿಂದ ಬ್ಯಾಟರಿ ಬಿಟ್ಟರು. ಬೆಳಕು ಕಾಣಲಿಲ್ಲ. ಕತ್ತಲೆ. ಚರೆಯೂ (ಸಣ್ಣ ಗುಂಡುಗಳೂ) ಅದರ ಹಿಂದಿನ ಬಿರಡೆಯೂ ನಳಿಗೆಯ ನಡುವೆ ಸಿಕ್ಕಿಕೊಂಡಿದ್ದವು. ಖಾಲಿ ತೋಟೆಯನ್ನು ಅಂಗೈಗೆ ಬಡಿದರೆ ಉರಿಯದ ಮಸಿ ಉದುರಿತು, ಚಪ್ಪಟೆ ಸಣ್ಣ ಬಿಲ್ಲೆಗಳು. ಆ ಇನ್ನೊಂದು ತೋಟೆ ಹಾಕಿ ಹೊಡೆದಿದ್ದರೆ ನಳಿಗೆ ನನ್ನ ಎಡಗೈ ಹತ್ತಿರವೇ ಸೀಳಿ ಹೋಗುತ್ತಿತ್ತು. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ನನಗೆ.

ಬೆಳಿಗ್ಗೆಯೇ ಫೋನ್ ಮಾಡಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು: "ನಿಮ್ಮ ಕೋವಿ ಹಳೇದು ಗೌಡ್ರೇ. ನಳಿಗೆ ಕ್ಲೀನ್ ಮಾಡಿರಲ್ಲ."

ಆಮೇಲೆ: "ಅಷ್ಟು ಜನ ತಗೊಂಡಿದಾರೆ, ಯಾರೂ ಏನೂ ಹೇಳಿಲ್ಲ."

ಇದು ಹೊಸ ತೋಟೆ ಹೌದೋ ಅಲ್ವೋ, ಒಂದು ಮಾತು ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಖೋಲು ಕಾರ್ಖಾನೆದೇ ಅಲ್ವಾ ಗೌಡ್ರೇ? ಕೇಪು, ಮಸಿ ಮಾತ್ರ ಬೇರೆ. ಸಿಕ್ಕಿದ್ದು ಹಾಕಿದೀನಿ. ಮಸಿ ಎಲ್ಲಾ ಮಸಿನೇ."

ಮಸಿ ಎಲ್ಲಾ ಮಸಿನೇ ಅಂತೆ! ನನ್ನ ಕೈ, ನನ್ನ ಕಣ್ಣು ಅವನಿಗೆ ಅಷ್ಟೇ. ಖೋಲು ಕಾರ್ಖಾನೆಯದು ಅಂದ ಮಾತ್ರಕ್ಕೆ ತೋಟೆ ಕಾರ್ಖಾನೆಯದಾಗುತ್ತದಾ?

ಪೊಲೀಸರಿಗೆ ಹೇಳ್ತೀನಿ ಅಂದಾಗ, "ಹೇಳಿ. ಪುಸ್ತಕದಲ್ಲಿ ಎಂಟ್ರಿ ಎಲ್ಲಿದೆ, ಬಿಲ್ ಎಲ್ಲಿದೆ ಅಂತ ನಿಮ್ಮನ್ನೇ ಕೇಳ್ತಾರೆ" ಅಂದು ಫೋನ್ ಇಟ್ಟ. ಕೋಟಾ ಉಳಿಸಿಕೊಡ್ತೀನಿ ಅಂದಿದ್ದು ನನ್ನ ಬಾಯಿ ಮುಚ್ಚಿಸೋಕೆ ಅಂತ ಆಗ ಹೊಳೆಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಿಲ್ಲ.

ನಮ್ಮೂರಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬರಿದ್ದಾರೆ, ಅಲ್ಲಿ ಆಯುಧ ರಿಪೇರಿ ವಿಭಾಗದಲ್ಲಿದ್ದವರು. ಅವರಿಗೆ ಮೂರು ಖಾಲಿ ಖೋಲು, ಉಳಿದ ಏಳು ತೋಟೆ ತೋರಿಸಿದೆ. ಕೈಗೆ ತಗೊಂಡ ತಕ್ಷಣ ಹೇಳಿದರು. ಹಿತ್ತಾಳೆ ಬುಡ ಮಂಕಾಗಿದೆ, ನಡುವಿನ ಕೇಪು ಮಾತ್ರ ಫಳಫಳ. ಅಂಚಿನಲ್ಲಿ ಹಿಂದೊಮ್ಮೆ ಕೋವಿಯಿಂದ ಹೊರಬಂದಾಗ ಬಿದ್ದ ಗೀರು. ಬಾಯಿಯ ಮಡಿಕೆ ನಾರು ನಾರಾಗಿ, ಮೇಲೆ ಮೇಣ ಸವರಿದ್ದಾನೆ. ಎರಡು ತೋಟೆಯಲ್ಲಿ ಕೇಪು ಬುಡದ ಮಟ್ಟಕ್ಕಿಂತ ಮೇಲೆ ಉಬ್ಬಿತ್ತು. ಕೋವಿ ಮುಚ್ಚುವಾಗಲೇ ಸಿಡಿಯಬಹುದಿತ್ತು ಅಂದರು. ಇಷ್ಟೆಲ್ಲ ಕಣ್ಣಿಗೆ ಕಾಣೋ ಹಾಗೇ ಇತ್ತು, ನಾನೇ ನೋಡಿರಲಿಲ್ಲ.

ಅವರು ಹೇಳಿದ ಇನ್ನೊಂದು ಮಾತು. ಕಾರ್ಖಾನೆಯವರು ಖೋಲು, ಕೇಪು, ಮಸಿ, ಬಿರಡೆ, ಚರೆ ಎಲ್ಲವನ್ನೂ ಒಟ್ಟಿಗೇ ಹೊಂದಿಸಿ ಪರೀಕ್ಷೆ ಮಾಡಿರುತ್ತಾರೆ. ಒಂದನ್ನು ಬದಲಾಯಿಸಿದರೂ ಆ ಲೆಕ್ಕ ಹೋಯಿತು. ಕೇಪಿನ ಕಿಡಿ ಸಾಲದಿದ್ದರೆ ಮಸಿ ಪೂರ್ತಿ ಹೊತ್ತಿಕೊಳ್ಳೋದಿಲ್ಲ, ನನ್ನ ಮೂರನೇ ತೋಟೆಯ ಹಾಗೆ. ಕಿಡಿ ಜಾಸ್ತಿಯಾದರೆ ಒತ್ತಡ ಏರುತ್ತದೆ. ಕಪ್ಪು ಮಸಿ ಅಳೆಯುವ ಚಮಚದಲ್ಲೇ ಹೊಗೆರಹಿತ ಮಸಿ ಅಳೆದರೆ ಕೋವಿಯೇ ಒಡೆಯುತ್ತದೆ, ಎರಡರ ಶಕ್ತಿಗೆ ಹೋಲಿಕೆಯೇ ಇಲ್ಲ. ಅಜ್ಜನ ಕಾಲದ ನಳಿಗೆಗಳಲ್ಲಿ ಎಷ್ಟೋ ಕಪ್ಪು ಮಸಿಗೆ ಮಾತ್ರ ಅಂತ ಮಾಡಿದವು. ನಮ್ಮ ಕಡೆ ಮನೆ ಮನೆಯಲ್ಲೂ ಇರೋದು ಅಂಥವೇ ಅಲ್ವಾ?

ಕೊನೆಗೆ ಏಳೂ ತೋಟೆ, ಖಾಲಿ ಖೋಲು, ಕೋವಿ ಎಲ್ಲ ತಗೊಂಡು ಠಾಣೆಗೆ ಹೋದೆ. ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ, ಎಂಟ್ರಿ ಮಾಡಿಸದೆ ತಗೊಂಡೆ ಅನ್ನೋದನ್ನೂ ಸೇರಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟೆ ತಯಾರಿಸೋಕೂ ಮಾರೋಕೂ ಲೈಸೆನ್ಸ್ ಬೇಕು. ನನ್ನ ಲೈಸೆನ್ಸ್ ಏನಾಗುತ್ತದೋ ಗೊತ್ತಿಲ್ಲ. ಕೋವಿ ಈಗ ಠಾಣೆಯಲ್ಲಿದೆ. ಗದ್ದೆಯ ಕೆಳಗಿನ ಎರಡು ಮಡಿ ಹಂದಿ ಮಗುಚಿ ಹಾಕಿದೆ. ರಾತ್ರಿಯೆಲ್ಲ ಡಬ್ಬ ಬಡಿಯುತ್ತಾ ಕೂರುತ್ತೇನೆ.

ಬಿಡಿ ತೋಟೆ ಯಾರು ಕೊಟ್ಟರೂ ತಗೋಬೇಡಿ. ಎಷ್ಟೇ ಪರಿಚಯ ಇರಲಿ. ಸ್ಟಾಕ್ ಇಲ್ಲ ಅಂದರೆ ಕಾಯಿರಿ, ಬಿಲ್ ತಗೊಳ್ಳಿ, ಪುಸ್ತಕದಲ್ಲಿ ಬರೆಸಿ. ಟುಸ್ ಅಂದರೆ ನಳಿಗೆಯನ್ನು ಜನ ಇಲ್ಲದ ಕಡೆಗೇ ಹಿಡಿದು ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ಕೋವಿ ಮಡಚಿ ಖಾಲಿ ಮಾಡಿ. ನಳಿಗೆಯಲ್ಲಿ ಬೆಳಕು ಕಾಣೋ ತನಕ ಇನ್ನೊಂದು ಹಾಕಲೇಬೇಡಿ.

ಈಗಾಗಲೇ ತಗೊಂಡಿದ್ದರೆ ಹೊಡೆಯಬೇಡಿ. ಬಿಚ್ಚಿ ನೋಡಬೇಡಿ, ಒಲೆಗೆ ಎಸೆಯಬೇಡಿ. ರಿಪ್ಪನ್‌ಪೇಟೆ ನೆಂಟರು ನಾಳೆ ಬೆಳಿಗ್ಗೆ ಅವರ ಇಪ್ಪತ್ತೂ ತಗೊಂಡು ಠಾಣೆಗೆ ಹೋಗುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ. ಒಬ್ಬರೇ ಹೋಗೋಕೆ ಮುಜುಗರ ಆದರೆ ಹೇಳಿ, ನಿಮ್ಮ ಜೊತೆಗೂ ಬರುತ್ತೇನೆ.